‘-ಇಸು’ ಪ್ರತ್ಯಯ ಮತ್ತು ಪ್ರಯೋಗದ ಸಾಕ್ಷ್ಯ: ಮನೋಭಾಷಾವಿಜ್ಞಾನದ ಸಂಶೋಧನಾ ವಿಧಾನವನ್ನು ಕುರಿತು

ಕನ್ನಡದ ಪ್ರೇರಣಾರ್ಥಕ ಪ್ರತ್ಯಯವಾದ ‘-ಇಸು’ ಭಾಷಾಕಲಿಕೆಯ ಜಾಗತಿಕ ವಾಗ್ವಾದವೊಂದರಲ್ಲಿ ಸಾಕ್ಷಿಯಾಗಿ ನಿಂತು ಎರಡು ದಶಕಗಳು ಕಳೆದಿವೆ. 2003ರಲ್ಲಿ ಜೆಫ್ರಿ ಲಿಡ್ಜ್, ಹೆನ್ರಿ ಗ್ಲೈಟ್‌ಮನ್ ಮತ್ತು ಲೈಲಾ ಗ್ಲೈಟ್‌ಮನ್ ಅವರು ‘ಕಾಗ್ನಿಷನ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನವು ಮೂರು ವರ್ಷದ ಕನ್ನಡ ಮಕ್ಕಳ ಮೇಲೆ ನಡೆಸಿದ ಪ್ರಯೋಗವೊಂದನ್ನು ಆಧರಿಸಿ ಸಾರ್ವತ್ರಿಕ ವ್ಯಾಕರಣದ ಪರವಾಗಿ ವಾದಿಸಿತು. ಮರುವರ್ಷ ಅಡೆಲ್ ಗೋಲ್ಡ್‌ಬರ್ಗ್ ಅದೇ ಪತ್ರಿಕೆಯಲ್ಲಿ ಆ ವಾದವನ್ನು ಪ್ರಶ್ನಿಸಿದರು. ಲಿಡ್ಜ್ ಮತ್ತು ಲೈಲಾ ಗ್ಲೈಟ್‌ಮನ್ ಉತ್ತರ ಕೊಟ್ಟರು. ಈ ಮೂರು ಬರಹಗಳು ನಮ್ಮ ಭಾಷೆಯನ್ನು ಕುರಿತವು. ಆದರೂ ನಮ್ಮ ಭಾಷಾವಿಜ್ಞಾನ ತರಗತಿಗಳಲ್ಲಿ ಅವು ಬರುವುದು ಹೆಚ್ಚಾಗಿ ಒಂದು ವಾಕ್ಯದ ಉಲ್ಲೇಖವಾಗಿ, ‘ಕನ್ನಡದ ಮಕ್ಕಳ ಅಧ್ಯಯನವೂ ಇದನ್ನು ಸಮರ್ಥಿಸುತ್ತದೆ’ ಎಂಬ ಧಾಟಿಯಲ್ಲಿ. ಅವು ಏನನ್ನು ಸಮರ್ಥಿಸುತ್ತವೆ, ಯಾವ ಬಲದಿಂದ ಸಮರ್ಥಿಸುತ್ತವೆ ಎಂಬುದನ್ನು ಪ್ರಯೋಗದ ವಿನ್ಯಾಸದ ಮೂಲಕವೇ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹೀಗೆ ಮಾಡುವುದಕ್ಕೆ ಇನ್ನೊಂದು ಕಾರಣವೂ ಇದೆ. ನಾವು ಓದಿದ ಹಲವು ಮಹಾಪ್ರಬಂಧಗಳಲ್ಲಿ ‘ಸಂಶೋಧನಾ ವಿಧಾನ’ ಎಂಬ ಅಧ್ಯಾಯವು ಮಂಗಳಾಚರಣೆಯ ಸ್ಥಾನದಲ್ಲಿರುತ್ತದೆ. ಪ್ರಾಕ್ಕಲ್ಪನೆ ಎಂದರೇನು, ಮಾದರಿ ಎಂದರೇನು, ಸ್ವತಂತ್ರ ಚಲಕ ಯಾವುದು, ಅವಲಂಬಿತ ಚಲಕ ಯಾವುದು ಎಂಬ ವ್ಯಾಖ್ಯೆಗಳು ಮನೋವಿಜ್ಞಾನದ ಪಠ್ಯಪುಸ್ತಕದಿಂದ ಇಳಿದು ಬರುತ್ತವೆ. ಅನಂತರದ ಅಧ್ಯಾಯಗಳು ಆ ವ್ಯಾಖ್ಯೆಗಳ ಗೊಡವೆಗೆ ಹೋಗುವುದಿಲ್ಲ. ನೂರು ಜನ ಭಾಷಿಕರು ಏಕೆ, ಇನ್ನೂರು ಏಕಲ್ಲ ಎಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ. ಆದರೆ ಪ್ರಯೋಗವನ್ನು ಆಧರಿಸಿದ ಶಾಸ್ತ್ರದಲ್ಲಿ ವಿಧಾನವೇ ವಾದ. ಯಾವುದನ್ನು ಅಳೆಯಲಾಯಿತು, ಯಾವುದನ್ನು ಬದಲಿಸಲಾಯಿತು, ಯಾವುದನ್ನು ಸ್ಥಿರವಾಗಿಡಲಾಯಿತು ಎಂಬುದರ ಹೊರಗೆ ಫಲಿತಾಂಶಕ್ಕೆ ಅರ್ಥವಿಲ್ಲ. ಈ ಮಾತನ್ನು ಅಮೂರ್ತವಾಗಿ ಹೇಳುವುದಕ್ಕಿಂತ ‘-ಇಸು’ವಿನ ಮೇಲೆಯೇ ತೋರಿಸುವುದು ಲೇಸು.

ಪ್ರಾಕ್ಕಲ್ಪನೆಗಳು ಕವಲೊಡೆಯುವ ಜಾಗ

ಮಗು ಹೊಸ ಕ್ರಿಯಾಪದವೊಂದರ ಅರ್ಥವನ್ನು ಊಹಿಸುವಾಗ ವಾಕ್ಯದ ರಚನೆಯ ನೆರವು ಪಡೆಯುತ್ತದೆ ಎಂಬುದು ಇಂಗ್ಲಿಷ್ ಮಕ್ಕಳ ಅಧ್ಯಯನಗಳಿಂದ ಮೊದಲೇ ತಿಳಿದಿತ್ತು. ಲೆಟಿಷಿಯಾ ನೈಗಲ್ಸ್ ಮತ್ತು ಗ್ಲೈಟ್‌ಮನ್ ದಂಪತಿಗಳು ರೂಪಿಸಿದ ಪ್ರಯೋಗದಲ್ಲಿ ಮಕ್ಕಳ ಮುಂದೆ ಆಟಿಕೆಯ ಪ್ರಾಣಿಗಳನ್ನಿಟ್ಟು, ಪರಿಚಿತ ಕ್ರಿಯಾಪದವನ್ನು ಅಪರಿಚಿತ ಚೌಕಟ್ಟಿನಲ್ಲಿ ಕೂರಿಸಿದ ವಾಕ್ಯವನ್ನು ಹೇಳಿ, ಅದನ್ನು ಆಡಿ ತೋರಿಸುವಂತೆ ಕೇಳಲಾಗಿತ್ತು. ಅಕರ್ಮಕ ಕ್ರಿಯಾಪದಕ್ಕೆ ಎರಡು ನಾಮಪದಗಳನ್ನು ಕೊಟ್ಟಾಗ ಚಿಕ್ಕ ಮಕ್ಕಳು ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ಏನನ್ನಾದರೂ ಮಾಡಿಸುತ್ತಿದ್ದರು. ಅಂದರೆ ನಾಮಪದಗಳ ಸಂಖ್ಯೆಯಿಂದ ಪ್ರೇರಣಾರ್ಥವನ್ನು ಊಹಿಸುತ್ತಿದ್ದರು.

ಇದರ ಮೂಲ ಯಾವುದು? ಭಾಗಿಗಳ ಸಂಖ್ಯೆಗೂ ನಾಮಪದಗಳ ಸಂಖ್ಯೆಗೂ ಇರುವ ಸಂಬಂಧವನ್ನು ಮಗು ಹುಟ್ಟಿನಿಂದಲೇ ತರುತ್ತದೆಯೆಂಬುದು ಒಂದು ನಿಲುವು. ಕಿವಿಗೆ ಬಿದ್ದ ವಾಕ್ಯಗಳಿಂದಲೇ ಮಗು ಆ ಸಂಬಂಧವನ್ನು ಸಾಮಾನ್ಯೀಕರಿಸಿಕೊಳ್ಳುತ್ತದೆಯೆಂಬುದು ಇನ್ನೊಂದು. ಇಂಗ್ಲಿಷ್ ಮಗುವನ್ನು ಎಷ್ಟು ಪರೀಕ್ಷಿಸಿದರೂ ಈ ಎರಡನ್ನು ಬೇರ್ಪಡಿಸಲಾಗದು. ಇಂಗ್ಲಿಷಿನಲ್ಲಿ ಪ್ರೇರಣಾರ್ಥಕ್ಕೆ ಕ್ರಿಯಾಪದದ ಮೇಲೆ ಬೇರೆ ಗುರುತು ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ ಎರಡೂ ನಿಲುವುಗಳು ಒಂದೇ ಫಲಿತಾಂಶವನ್ನು ಮುನ್ನುಡಿಯುತ್ತವೆ. ಕನ್ನಡದಲ್ಲಿ ಹಾಗಲ್ಲ. ‘ಬೀಳು’ ಅಕರ್ಮಕ, ‘ಬೀಳಿಸು’ ಪ್ರೇರಣಾರ್ಥಕ. ಗುರುತು ಪದದ ಮೇಲೆಯೇ ಇದೆ. ಎರಡು ನಾಮಪದಗಳಿರುವ ವಾಕ್ಯವೆಲ್ಲ ಪ್ರೇರಣಾರ್ಥಕವಲ್ಲ (‘ಕುದುರೆ ಆನೆಯನ್ನು ನೋಡಿತು’); ‘-ಇಸು’ ಇದ್ದರೆ ಮಾತ್ರ ಪ್ರೇರಣೆ ಖಚಿತ ಎಂಬುದು ಲೇಖಕರ ವಾದ. ಹಾಗಾದರೆ ಕೇಳಿದ್ದರಿಂದ ಕಲಿಯುವ ಮಗು ‘-ಇಸು’ವನ್ನು ನೆಚ್ಚಬೇಕು, ಹುಟ್ಟರಿವಿನಿಂದ ಹೊರಡುವ ಮಗು ನಾಮಪದಗಳ ಸಂಖ್ಯೆಯನ್ನು ನೆಚ್ಚಬೇಕು. ಪ್ರಯೋಗದಲ್ಲಿ ಮಕ್ಕಳು ನೆಚ್ಚಿದ್ದು ಎರಡನೆಯದನ್ನು. ಎರಡು ನಾಮಪದಗಳಿದ್ದಾಗ ಪ್ರೇರಣೆಯನ್ನು ಆಡಿ ತೋರಿಸಿದರು, ‘-ಇಸು’ ಇದೆಯೋ ಇಲ್ಲವೋ ಎಂಬುದನ್ನು ಲೆಕ್ಕಿಸಲಿಲ್ಲ.

ಈ ವಿನ್ಯಾಸದ ಸೊಗಸನ್ನು ಮೊದಲು ಒಪ್ಪಿಕೊಳ್ಳಬೇಕು. ವೈಜ್ಞಾನಿಕ ಪ್ರಾಕ್ಕಲ್ಪನೆಯ ಮೊದಲ ಲಕ್ಷಣ ಅದು ಸೋಲಬಲ್ಲುದು ಎಂಬುದು. ಇಲ್ಲಿ ಎರಡು ಪ್ರಾಕ್ಕಲ್ಪನೆಗಳು ಒಂದೇ ವಾಕ್ಯದ ಬಗ್ಗೆ ವಿರುದ್ಧ ಮುನ್ನುಡಿ ನುಡಿಯುವಂತೆ ಮಾಡಲಾಗಿದೆ; ಒಂದು ಗೆದ್ದರೆ ಇನ್ನೊಂದು ಸೋಲಲೇಬೇಕು. ಕನ್ನಡವನ್ನು ಆರಿಸಿಕೊಂಡದ್ದು ‘ಇನ್ನೊಂದು ಭಾಷೆಯಲ್ಲೂ ನೋಡೋಣ’ ಎಂಬ ಕುತೂಹಲದಿಂದಲ್ಲ, ವಾದವು ಕವಲೊಡೆಯುವ ಜಾಗ ಕನ್ನಡದ ವ್ಯಾಕರಣದಲ್ಲಿದೆ ಎಂಬ ಕಾರಣದಿಂದ. ಲಿಡ್ಜ್ ಮತ್ತು ಜೂಲಿಯನ್ ಮ್ಯೂಸೊಲಿನೊ 2002ರಲ್ಲಿ ಸಂಖ್ಯಾವಾಚಕ ಮತ್ತು ನಿಷೇಧಗಳ ವ್ಯಾಪ್ತಿಯನ್ನು ಅಧ್ಯಯನ ಮಾಡಿದಾಗಲೂ ಇದೇ ತರ್ಕವನ್ನು ಬಳಸಿದರು. ಇಂಗ್ಲಿಷಿನಲ್ಲಿ ನಿಷೇಧವು ಕರ್ಮಪದಕ್ಕಿಂತ ಮೊದಲು ಬರುತ್ತದೆ, ರಚನೆಯಲ್ಲೂ ಮೇಲಿರುತ್ತದೆ. ‘ಅವನು ಎರಡು ಹಣ್ಣು ತಿನ್ನಲಿಲ್ಲ’ ಎಂಬಲ್ಲಿ ನಿಷೇಧ ಕೊನೆಗೆ ಬಂದರೂ ರಚನೆಯಲ್ಲಿ ಕರ್ಮಪದಕ್ಕಿಂತ ಮೇಲಿದೆ. ಆದುದರಿಂದ ಮಕ್ಕಳು ಪದಗಳ ಸರದಿಯನ್ನು ಅನುಸರಿಸುತ್ತಾರೋ ರಚನೆಯ ಶ್ರೇಣಿಯನ್ನೋ ಎಂದು ಕನ್ನಡದಲ್ಲಿ ಕೇಳಬಹುದು, ಇಂಗ್ಲಿಷಿನಲ್ಲಿ ಕೇಳಲಾಗದು. ‘ಕನ್ನಡದಲ್ಲಿ ಅಮುಕ: ಒಂದು ಅಧ್ಯಯನ’ ಎಂಬ ಶೀರ್ಷಿಕೆಗಳಿಗೆ ಒಗ್ಗಿಹೋಗಿರುವ ನಮ್ಮ ಸಂಶೋಧನೆಗೆ ಈ ಎರಡು ಲೇಖನಗಳು ಕಲಿಸುವ ಪಾಠ ದೊಡ್ಡದು.

‘ವಿಶ್ವಾಸಾರ್ಹ’ ಎಂಬ ಪದದ ಅಳತೆ

ನಮ್ಮ ಮೊದಲ ಆಕ್ಷೇಪ ಪ್ರಯೋಗಕ್ಕಿಂತ ಹಿಂದಿನ ಹೆಜ್ಜೆಯನ್ನು ಕುರಿತದ್ದು. ‘-ಇಸು’ ಪ್ರೇರಣೆಯ ಅತ್ಯಂತ ವಿಶ್ವಾಸಾರ್ಹ ಸೂಚಕ ಎಂಬ ಮಾತಿನ ಮೇಲೆ ಇಡೀ ವಾದ ನಿಂತಿದೆ. ಈ ಮಾತು ಯಾರ ದೃಷ್ಟಿಯಿಂದ ನಿಜ, ವ್ಯಾಕರಣಕಾರನ ದೃಷ್ಟಿಯಿಂದಲೋ ಮೂರು ವರ್ಷದ ಮಗುವಿನ ದೃಷ್ಟಿಯಿಂದಲೋ?

ಶಾಲಾ ವ್ಯಾಕರಣವೇ ‘-ಇಸು’ವಿಗೆ ಎರಡು ಕೆಲಸಗಳನ್ನು ಒಪ್ಪಿಸುತ್ತದೆ. ಒಂದು ಪ್ರೇರಣೆ, ಇನ್ನೊಂದು, ಸಂಸ್ಕೃತ ನಾಮಪದಗಳಿಂದ ಧಾತುಗಳನ್ನು ಕಟ್ಟುವುದು: ‘ಭಾವಿಸು’, ‘ಪ್ರೀತಿಸು’, ‘ಚಲಿಸು’. ಇವುಗಳಲ್ಲಿ ಪ್ರೇರಣೆಯಿಲ್ಲ. ಆದರೆ ಇವು ಬರಹದ ಪದಗಳು, ಮಗುವಿನ ಕಿವಿಗೆ ಬೀಳುವುದು ಕಡಿಮೆ; ಮನೆಮಾತಿನಲ್ಲಿ ‘ಯೋಚಿಸು’ ಎನ್ನುವವರಿಗಿಂತ ‘ಯೋಚನೆ ಮಾಡು’ ಎನ್ನುವವರೇ ಹೆಚ್ಚು. ಆದ್ದರಿಂದ ಈ ಗುಂಪನ್ನು ಬದಿಗಿಡಬಹುದು. ಬದಿಗಿಡಲಾಗದ ಗುಂಪು ಬೇರೆ ಇದೆ. ‘ಕಾಣಿಸ್ತಾ?’, ‘ಕೇಳಿಸ್ತಾ?’, ‘ಏನನ್ನಿಸ್ತು?’ ಎಂಬ ಪ್ರಶ್ನೆಗಳಿಲ್ಲದೆ ಕನ್ನಡದ ಮನೆಯಲ್ಲಿ ಮಗುವಿನೊಡನೆ ಮಾತೇ ಸಾಗದು. ‘ಕಾಣಿಸು’, ‘ಕೇಳಿಸು’, ‘ಅನ್ನಿಸು’ ಮೂರರಲ್ಲೂ ‘-ಇಸು’ ಇದೆ, ಮೂರರಲ್ಲೂ ಅನುಭವಿಸುವವನು ಚತುರ್ಥಿಯಲ್ಲಿದ್ದಾನೆ, ಮೂರರಲ್ಲೂ ಮಾಡಿಸುವವನಿಲ್ಲ. ವಸ್ತುವೇ ಕಾಣುವಂತೆ ಮಾಡುತ್ತದೆ, ಆದ್ದರಿಂದ ಅಲ್ಲಿಯೂ ಸೂಕ್ಷ್ಮ ಪ್ರೇರಣೆಯಿದೆ ಎಂದು ಭಾಷಾವಿಜ್ಞಾನಿ ವಾದಿಸಬಹುದು, ಮತ್ತು ಆ ವಾದ ತಳ್ಳಿಹಾಕುವಂಥದ್ದಲ್ಲ. ಆದರೆ ಆಟಿಕೆಯ ಕುದುರೆಯಿಂದ ಆಟಿಕೆಯ ಆನೆಯನ್ನು ಬೀಳಿಸುವ ಬಗೆಯ ಪ್ರೇರಣೆ ಅದಲ್ಲ.

ಸೂಚಕವೊಂದರ ಬೆಲೆಯನ್ನು ಅಳೆಯುವುದಕ್ಕೆ ಎಲಿಜಬೆತ್ ಬೇಟ್ಸ್ ಮತ್ತು ಬ್ರಯಾನ್ ಮ್ಯಾಕ್‌ವಿನ್ನಿ ಅವರ ‘ಸ್ಪರ್ಧಾ ಮಾದರಿ’ ಎರಡು ಬೇರೆಬೇರೆ ಅಳತೆಗಳನ್ನು ಕೊಡುತ್ತದೆ. ಸೂಚಕ ಇದ್ದಾಗಲೆಲ್ಲ ಅದು ಎಷ್ಟು ಬಾರಿ ಸರಿಯಾದ ಅರ್ಥಕ್ಕೆ ಒಯ್ಯುತ್ತದೆ ಎಂಬುದು ವಿಶ್ವಾಸಾರ್ಹತೆ. ಆ ಅರ್ಥ ಬೇಕಾದಾಗಲೆಲ್ಲ ಸೂಚಕವು ಎಷ್ಟು ಬಾರಿ ಒದಗುತ್ತದೆ ಎಂಬುದು ಲಭ್ಯತೆ. ‘-ಇಸು’ವಿನ ವಿಶ್ವಾಸಾರ್ಹತೆ ಸಾಕಷ್ಟು ಹೆಚ್ಚಿರಬಹುದೆಂದೇ ಒಪ್ಪೋಣ, ಲಭ್ಯತೆ? ‘ಕೊಡು’, ‘ಹಾಕು’, ‘ತೆಗೆ’, ‘ತಳ್ಳು’, ‘ಕೊಲ್ಲು’ ಇವೆಲ್ಲ ಒಬ್ಬನು ಇನ್ನೊಂದರ ಮೇಲೆ ಪರಿಣಾಮ ಉಂಟುಮಾಡುವ ಕ್ರಿಯೆಗಳು. ಒಂದರಲ್ಲೂ ‘-ಇಸು’ ಇಲ್ಲ. ‘ಮುರಿ’, ‘ಒಡೆ’, ‘ಹರಿ’ ಇನ್ನೂ ತೊಡಕಿನವು: ‘ಕೋಲು ಮುರಿಯಿತು’, ‘ಕೋಲನ್ನು ಮುರಿದ’; ಅದೇ ಧಾತು, ಬದಲಾದದ್ದು ನಾಮಪದಗಳ ಸಂಖ್ಯೆ ಮಾತ್ರ. ಅಂದರೆ ಕನ್ನಡದ ಮಗು ನಾಮಪದಗಳ ಸಂಖ್ಯೆಯಿಂದಲೇ ಪ್ರೇರಣೆಯನ್ನು ತಿಳಿಯಬೇಕಾದ ಸಂದರ್ಭಗಳು ಕನ್ನಡದೊಳಗೇ ಇವೆ. ಕಲಿಕೆಯ ಮೊದಲ ಹಂತಗಳಲ್ಲಿ ಲಭ್ಯತೆ ಮೇಲುಗೈ ಪಡೆಯುತ್ತದೆ, ವಿಶ್ವಾಸಾರ್ಹತೆಯ ಪ್ರಭಾವ ಅನಂತರ ಬಲಿಯುತ್ತದೆ ಎಂಬುದು ಸ್ಪರ್ಧಾ ಮಾದರಿಯವರ ನಿಲುವು. ಹಾಗಿದ್ದಲ್ಲಿ ಕೇಳಿದ್ದರಿಂದ ಕಲಿಯುವ ಮೂರು ವರ್ಷದ ಮಗು ‘-ಇಸು’ವನ್ನೇ ನೆಚ್ಚಬೇಕೆಂಬ ಮುನ್ನುಡಿ ಆ ಪಕ್ಷದ ಮುನ್ನುಡಿಯಾಗಿ ಉಳಿಯುವುದಿಲ್ಲ, ಎದುರಾಳಿಯ ಪರವಾಗಿ ನಾವೇ ಬರೆದ ಮುನ್ನುಡಿಯಾಗುತ್ತದೆ.

ಇದು ಎರಡೂ ಕಡೆಗೆ ಕೊಯ್ಯುವ ಕತ್ತಿ ಎಂಬುದನ್ನು ಮರೆಯಬಾರದು. ಕನ್ನಡ ಮಾತಿನಲ್ಲಿ ಕರ್ತೃ ಕರ್ಮಗಳೆರಡನ್ನೂ ಬಿಡುವುದು ಸಹಜ. ‘ಬೀಳಿಸ್ಬೇಡ’ ಎಂದು ತಾಯಿ ಹೇಳುವಾಗ ವಾಕ್ಯದಲ್ಲಿ ನಾಮಪದವೇ ಇಲ್ಲ, ‘-ಇಸು’ ಇದೆ. ಆದ್ದರಿಂದ ಎರಡು ನಾಮಪದಗಳ ಚೌಕಟ್ಟಿನ ಲಭ್ಯತೆಯೂ ಇಂಗ್ಲಿಷಿಗಿಂತ ಕಡಿಮೆಯೇ ಇರಬೇಕು. ಯಾವುದು ಹೆಚ್ಚು, ಯಾವುದು ಕಡಿಮೆ ಎಂಬುದನ್ನು ಕುಳಿತಲ್ಲೇ ತೀರ್ಮಾನಿಸಲಾಗದು. ಮಕ್ಕಳೊಡನೆ ಆಡಿದ ಮಾತನ್ನು ಗಂಟೆಗಟ್ಟಲೆ ಧ್ವನಿಮುದ್ರಿಸಿ, ಲಿಪ್ಯಂತರಿಸಿ, ವಾಕ್ಯವಾಕ್ಯವನ್ನೂ ಎಣಿಸಬೇಕು. ಪ್ರಾಕ್ಕಲ್ಪನೆಯ ಆಧಾರವಾಕ್ಯವೇ ಒಂದು ಪ್ರಮಾಣವನ್ನು ಕುರಿತದ್ದಾದರೆ, ಆ ಪ್ರಮಾಣವನ್ನು ಅಳೆಯುವುದು ಪ್ರಯೋಗದ ಭಾಗವೇ ಹೊರತು ಪೀಠಿಕೆಯ ಭಾಗವಲ್ಲ.

ಇಲ್ಲಿಯೇ ಧ್ವನಿಯ ಮಾತೂ ಬರುತ್ತದೆ. ಮಗು ಕೇಳುವುದು ‘ಬೀಳಿಸುತ್ತದೆ’ ಎಂಬ ಗ್ರಾಂಥಿಕ ರೂಪವನ್ನಲ್ಲ. ‘ಬೀಳ್ಸುತ್ತೆ’ ಎಂದೋ ‘ಬೀಳಸ್ತದ’ ಎಂದೋ, ಊರಿಗೊಂದು ಬಗೆಯಲ್ಲಿ. ಸ್ವರ ಸವೆದು, ಪ್ರತ್ಯಯವು ಎರಡು ವ್ಯಂಜನಗಳ ನಡುವಿನ ಒಂದು ‘ಸ್’ ಆಗಿ ಉಳಿದಿರುತ್ತದೆ. ನಾಮಪದವಾದರೋ ಒತ್ತು ಪಡೆದು, ಕೈಯಲ್ಲಿ ಹಿಡಿಯಬಹುದಾದ ಆಟಿಕೆಯ ಹೆಸರಾಗಿ, ವಾಕ್ಯದ ಮೊದಲಲ್ಲೇ ನಿಲ್ಲುತ್ತದೆ. ಈ ಎರಡು ಸೂಚಕಗಳನ್ನು ಸ್ಪರ್ಧೆಗೆ ಬಿಡುವವರು ಶ್ರಾವ್ಯತೆಯಲ್ಲಿ ಅವುಗಳನ್ನು ಸಮನಾಗಿಸಿದ್ದೇವೆಂದು ತೋರಿಸಬೇಕು. ಇಲ್ಲದಿದ್ದರೆ ಗೆದ್ದದ್ದು ಹುಟ್ಟರಿವೋ ಒತ್ತೋ ಎಂಬ ಸಂಶಯ ಉಳಿಯುತ್ತದೆ.

ಒಂದು ಹೆಸರು, ಒಂದು ಆಟಿಕೆ

‘ಅರ್ಥ ಮಾಡಿಕೊಂಡಿತು’ ಎಂಬುದನ್ನು ನೇರವಾಗಿ ನೋಡಲಾಗದು. ಕಣ್ಣಿಗೆ ಕಾಣುವ ಯಾವುದನ್ನು ಅದರ ಗುರುತೆಂದು ಎಣಿಸುತ್ತೇವೆ ಎಂಬ ಒಪ್ಪಂದಕ್ಕೆ ಮನೋವಿಜ್ಞಾನದಲ್ಲಿ ಕಾರ್ಯಾತ್ಮಕ ವ್ಯಾಖ್ಯೆ ಎಂದು ಹೆಸರು. ಇಲ್ಲಿ ಅರ್ಥಗ್ರಹಣದ ಕಾರ್ಯಾತ್ಮಕ ವ್ಯಾಖ್ಯೆ, ಆಟಿಕೆಯಿಂದ ಆಡಿ ತೋರಿಸಿದ್ದು. ಈ ವ್ಯಾಖ್ಯೆಯ ದೌರ್ಬಲ್ಯ ಕನ್ನಡದಲ್ಲಿಯೇ ಎದ್ದು ಕಾಣುತ್ತದೆ. ನಮ್ಮದೇ ಉದಾಹರಣೆಗಳನ್ನು ತೆಗೆದುಕೊಳ್ಳೋಣ.

‘ಕುದುರೆ ಆನೆಯನ್ನು ಬೀಳುತ್ತದೆ’ ಎಂಬುದು ಕನ್ನಡವಲ್ಲ. ಯಾವ ವಯಸ್ಕನೂ ಹಾಗೆನ್ನುವುದಿಲ್ಲ. ‘ಕುದುರೆ ಬೀಳಿಸುತ್ತದೆ’ ಎಂಬುದು ಅಚ್ಚಕನ್ನಡ. ಕರ್ಮಪದ ಲೋಪವಾಗಿದೆ, ಅಷ್ಟೆ. ಹೀಗೆ ವಿನ್ಯಾಸದ ಎರಡು ಮೂಲೆಗಳು ಸಮಾನವಲ್ಲ: ಒಂದರಲ್ಲಿ ವ್ಯಾಕರಣ ಮುರಿದಿದೆ, ಇನ್ನೊಂದರಲ್ಲಿ ಇಲ್ಲ. ಎರಡನೆಯ ವಾಕ್ಯವನ್ನು ಕೇಳಿದ ಮಗು ಕುದುರೆಯನ್ನು ಮಾತ್ರ ಕೈಗೆತ್ತಿಕೊಂಡು ಬೀಳಿಸಿದರೆ ಅದಕ್ಕೆ ಕನಿಷ್ಠ ಎರಡು ವಿವರಣೆಗಳಿವೆ. ಮಗು ‘-ಇಸು’ವನ್ನು ಗಮನಿಸಲಿಲ್ಲ ಎಂಬುದೊಂದು. ಹೆಸರು ಹೇಳಿದ ಆಟಿಕೆಯನ್ನು ಮಾತ್ರ ಮುಟ್ಟಬೇಕೆಂದು ಮಗು ಆಟದ ನಿಯಮವನ್ನು ಊಹಿಸಿಕೊಂಡಿತು ಎಂಬುದು ಇನ್ನೊಂದು. ಯಾವುದನ್ನು ಬೀಳಿಸಬೇಕೆಂದು ಹೇಳದೆ ‘ಬೀಳಿಸುತ್ತದೆ’ ಎಂದರೆ ಮಗು ಏನು ಮಾಡಬೇಕು? ಗೋಲ್ಡ್‌ಬರ್ಗ್ ಅವರ ಆಕ್ಷೇಪದ ತಿರುಳು ಇದಕ್ಕೆ ಹತ್ತಿರದ್ದು. ಮಾತಿನಲ್ಲಿ ಹೆಸರಿಸಿದವರು ಘಟನೆಯ ಭಾಗಿಗಳಾಗಿರುತ್ತಾರೆ ಎಂಬ ತಿಳಿವು ವ್ಯವಹಾರದ ಸಾಮಾನ್ಯ ತಿಳಿವು. ಅದನ್ನು ವಿವರಿಸುವುದಕ್ಕೆ ಭಾಷೆಗೇ ಮೀಸಲಾದ ಹುಟ್ಟರಿವು ಬೇಕಾಗಿಲ್ಲ. ಲಿಡ್ಜ್ ಮತ್ತು ಗ್ಲೈಟ್‌ಮನ್ ಇದನ್ನು ಒಪ್ಪಲಿಲ್ಲ. ಆದರೆ ಆ ವಾಗ್ವಾದವು ಸಿದ್ಧಾಂತದ ನೆಲೆಯಲ್ಲಿ ನಡೆದಷ್ಟು ಪ್ರಯೋಗದ ನೆಲೆಯಲ್ಲಿ ನಡೆಯಲಿಲ್ಲವೆಂಬುದು ನಮ್ಮ ಅಭಿಪ್ರಾಯ. ಎರಡು ವಿವರಣೆಗಳನ್ನು ಬೇರ್ಪಡಿಸುವ ವಾಕ್ಯ ಕನ್ನಡದಲ್ಲಿ ಸುಲಭವಾಗಿ ಸಿಗುತ್ತದೆ. ಅದನ್ನು ಮುಂದೆ ಹೇಳುತ್ತೇವೆ.

ಆಡಿ ತೋರಿಸಿದ್ದನ್ನು ಅಂಕಿಗೆ ಇಳಿಸುವಾಗ ಇನ್ನೊಂದು ತೊಡಕು. ‘ಕುದುರೆ ಆನೆಯನ್ನು ಓಡಿಸುತ್ತದೆ’ ಎಂದಾಗ ಕನ್ನಡದ ಮಗು ಕುದುರೆಯನ್ನು ಆನೆಯ ಹಿಂದೆ ಅಟ್ಟಬಹುದು. ಕುದುರೆ ಆನೆಯನ್ನು ಮುಟ್ಟುವುದೇ ಇಲ್ಲ. ‘ಪಾಪುವನ್ನು ಆಡಿಸು’, ‘ಕೈ ಹಿಡಿದು ನಡೆಸು’ ಎಂಬಲ್ಲಿ ಮಾಡಿಸುವವನೂ ಜೊತೆಗೆ ಮಾಡುತ್ತಾನೆ. ಈ ಜೊತೆಗೂಡುವ ಪ್ರೇರಣೆಯನ್ನು ಪ್ರೇರಣೆಯೆಂದು ಎಣಿಸಬೇಕೆ? ಸಂಪರ್ಕವಿಲ್ಲದ ಅಟ್ಟುವಿಕೆಯನ್ನು? ಎಣಿಕೆಯ ನಿಯಮವನ್ನು ದತ್ತಾಂಶ ನೋಡುವ ಮೊದಲೇ ಬರೆದಿಡಬೇಕು. ಎಣಿಸುವವರಿಗೆ ವಾಕ್ಯ ಕೇಳಿಸಬಾರದು. ವಿಡಿಯೊದ ಧ್ವನಿಯನ್ನು ತೆಗೆದು, ಆಟವನ್ನು ಮಾತ್ರ ತೋರಿಸಿ, ಇಬ್ಬರಿಂದ ಪ್ರತ್ಯೇಕವಾಗಿ ಎಣಿಸಬೇಕು. ಬರ್ಲಿನ್ನಿನಲ್ಲಿ ಲೆಕ್ಕ ಮಾಡುತ್ತದೆಂದು ಹೆಸರಾಗಿದ್ದ ‘ಹಾನ್ಸ್’ ಎಂಬ ಕುದುರೆ ಕೇಳುಗನ ಮುಖಮೈಗಳ ಸೂಕ್ಷ್ಮ ಚಲನೆಯನ್ನು ನೋಡಿ ಗೊರಸು ನಿಲ್ಲಿಸುತ್ತಿತ್ತೆಂದು ಆಸ್ಕರ್ ಫುಂಗ್ಸ್ಟ್ 1907ರಲ್ಲಿ ತೋರಿಸಿದಂದಿನಿಂದ ಈ ಎಚ್ಚರ ಮನೋವಿಜ್ಞಾನದ ಅಕ್ಷರಾಭ್ಯಾಸವಾಗಿದೆ. ಮೂರು ವರ್ಷದ ಮಗು ಆ ಕುದುರೆಗಿಂತ ದಡ್ಡನಲ್ಲ: ವಾಕ್ಯ ಹೇಳುವವರ ಕಣ್ಣು ಯಾವ ಆಟಿಕೆಯ ಮೇಲಿದೆ ಎಂಬುದನ್ನು ಅದು ನೋಡುತ್ತಲೇ ಇರುತ್ತದೆ.

ಕಾರ್ಯಾತ್ಮಕ ವ್ಯಾಖ್ಯೆಯನ್ನು ಬೇರೆ ಭಾಷೆಯಿಂದ ಎತ್ತಿ ತಂದಾಗ ಏನಾಗುತ್ತದೆ ಎಂಬುದಕ್ಕೆ ಓದಿನ ಕಲಿಕೆಯ ಕ್ಷೇತ್ರದಿಂದ ಒಂದು ಉದಾಹರಣೆ ಸಾಕು. ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು ಕನ್ನಡ ಕಲಿಯುವ ಮಕ್ಕಳಲ್ಲಿ ಅಕ್ಷರಜ್ಞಾನ ನಿಧಾನವಾಗಿ ಬಲಿಯುವುದನ್ನೂ ಧ್ವನಿಮಾಪ್ರಜ್ಞೆ ತಡವಾಗಿ ಮೂಡುವುದನ್ನೂ ತೋರಿಸಿತು. ಈ ಫಲಿತಾಂಶವನ್ನು ‘ಕನ್ನಡದ ಮಕ್ಕಳು ಧ್ವನಿಮಾಪ್ರಜ್ಞೆಯಲ್ಲಿ ಹಿಂದೆ’ ಎಂದು ಓದುವವರಿದ್ದಾರೆ. ‘ಮರ’ ಎಂಬುದರಿಂದ ‘ಮ್’ ತೆಗೆ ಎಂದರೆ ಮಗು ‘ಅರ’ ಎನ್ನದೆ ‘ರ’ ಎಂದಿತೆನ್ನಿ. ಇಂಗ್ಲಿಷ್ ಪರೀಕ್ಷೆಯ ಲೆಕ್ಕದಲ್ಲಿ ಅದು ತಪ್ಪು. ಅಕ್ಷರವನ್ನೇ ಘಟಕವೆಂದು ಕಲಿತ ಮಗುವಿನ ಲೆಕ್ಕದಲ್ಲಿ ಸರಿ. ಕೊರತೆಯನ್ನು ಅಳೆದೆವೋ ಲಿಪಿಯನ್ನು ಅಳೆದೆವೋ ಎಂದು ಕೇಳಿಕೊಳ್ಳದೆ ಅಂಕಗಳನ್ನು ಹೋಲಿಸುವುದು ಸಲ್ಲದು.

ಕ್ರಿಯಾಪದಗಳೂ ಮಾದರಿಯೇ

ಮಾದರಿ ಎಂದ ಕೂಡಲೆ ನಮಗೆ ಜನರು ನೆನಪಾಗುತ್ತಾರೆ. ಭಾಷೆಯ ಪ್ರಯೋಗದಲ್ಲಿ ಎರಡು ಮಾದರಿಗಳಿರುತ್ತವೆ: ಮಕ್ಕಳದ್ದು ಒಂದು, ಪದಗಳದ್ದು ಇನ್ನೊಂದು. 1964ರಲ್ಲಿ ಕೋಲ್‌ಮನ್, ಅನಂತರ 1973ರಲ್ಲಿ ಹರ್ಬರ್ಟ್ ಕ್ಲಾರ್ಕ್ ಎತ್ತಿದ ಆಕ್ಷೇಪ ಇದೇ. ಹತ್ತು ಪದಗಳ ಮೇಲೆ ನಡೆದ ಪ್ರಯೋಗದಿಂದ ಇಡೀ ಭಾಷೆಯ ಬಗ್ಗೆ ಮಾತಾಡಬೇಕಾದರೆ ಆ ಹತ್ತು ಪದಗಳನ್ನು ಭಾಷೆಯಿಂದ ಆಯ್ದ ಮಾದರಿಯೆಂದು ಪರಿಗಣಿಸಿ, ಪದದಿಂದ ಪದಕ್ಕೆ ಇರುವ ಏರಿಳಿತವನ್ನು ಲೆಕ್ಕಕ್ಕೆ ಹಿಡಿಯಬೇಕು. ಇಲ್ಲದಿದ್ದರೆ ನಮ್ಮ ತೀರ್ಮಾನ ಆ ಹತ್ತು ಪದಗಳಿಗೆ ಮಾತ್ರ ಸಲ್ಲುತ್ತದೆ. ಕ್ಲಾರ್ಕ್ ಅವರ ಲೇಖನ ಬಂದ ಪತ್ರಿಕೆಯೇ ಮುಂದೆ ಹೆಸರು ಬದಲಿಸಿಕೊಂಡು, 2008ರಲ್ಲಿ ಬಾಯೆನ್, ಡೇವಿಡ್‌ಸನ್ ಮತ್ತು ಬೇಟ್ಸ್ ಅವರ ಮಿಶ್ರಪರಿಣಾಮ ಮಾದರಿಗಳ ಲೇಖನವನ್ನು ಪ್ರಕಟಿಸಿತು. (ಈ ಬೇಟ್ಸ್ ಸ್ಪರ್ಧಾ ಮಾದರಿಯ ಬೇಟ್ಸ್ ಅಲ್ಲ.) ಇಂದು ಜನ ಮತ್ತು ಪದ ಎರಡರ ಏರಿಳಿತವನ್ನೂ ಒಂದೇ ವಿಶ್ಲೇಷಣೆಯಲ್ಲಿ ಹಿಡಿಯುವುದು ಕಷ್ಟವಲ್ಲ, ಉಚಿತ ತಂತ್ರಾಂಶದಲ್ಲಿಯೇ ಸಾಧ್ಯ.

‘-ಇಸು’ವಿಗೆ ಇದು ಎಷ್ಟು ಮುಖ್ಯ ಎಂಬುದು ಧಾತುಗಳ ಪಟ್ಟಿಯ ಮೇಲೆ ಕಣ್ಣಾಡಿಸಿದರೆ ತಿಳಿಯುತ್ತದೆ. ‘ಕುದಿ–ಕುದಿಸು’, ‘ಕರಗು–ಕರಗಿಸು’, ‘ಒಣಗು–ಒಣಗಿಸು’ ಸ್ಥಿತಿ ಬದಲಾಗುವ ಕ್ರಿಯೆಗಳು. ಹೊರಗಿನ ಕಾರಣವನ್ನು ಊಹಿಸುವುದು ಸುಲಭ. ‘ನಗು–ನಗಿಸು’, ‘ಕುಣಿ–ಕುಣಿಸು’ ಹಾಗಲ್ಲ, ನಗುವವನೇ ನಗಬೇಕು. ‘ಏಳು–ಎಬ್ಬಿಸು’ವಿನಲ್ಲಿ ಧಾತುವಿನ ರೂಪವೇ ಬದಲಾಗುತ್ತದೆ. ‘ಅಳು–ಅಳಿಸು’ವಿನಲ್ಲಿ ‘ಒರೆಸಿ ಹಾಕು’ ಎಂಬ ಇನ್ನೊಂದು ‘ಅಳಿಸು’ ಅಡ್ಡ ಬರುತ್ತದೆ. ಆಟಿಕೆಯಿಂದ ಆಡಿ ತೋರಿಸಬಹುದಾದ ಧಾತುಗಳೇ ಬೇಕೆಂದಾಗ ಆಯ್ಕೆ ಚಲನೆಯ ಕ್ರಿಯೆಗಳ ಕಡೆಗೆ ವಾಲುತ್ತದೆ. ಅಂಥ ಕೆಲವು ಧಾತುಗಳಿಂದ ‘ಕನ್ನಡದ ಪ್ರೇರಣಾರ್ಥಕ’ ಎಂಬ ದೊಡ್ಡ ಹೆಸರಿಗೆ ನೆಗೆಯುವಾಗ ನೆಗೆತದ ಉದ್ದವನ್ನಾದರೂ ಓದುಗರಿಗೆ ತಿಳಿಸಬೇಕು.

ವ್ಯತ್ಯಾಸ ಕಾಣದಿರುವುದು ಮತ್ತು ವ್ಯತ್ಯಾಸ ಇಲ್ಲದಿರುವುದು

ಮಕ್ಕಳು ‘-ಇಸು’ವನ್ನು ಲೆಕ್ಕಿಸಲಿಲ್ಲ ಎಂಬುದು ಒಂದು ಶೂನ್ಯ ಫಲಿತಾಂಶ. ಸಂಖ್ಯಾಶಾಸ್ತ್ರದ ಪರೀಕ್ಷೆಯಲ್ಲಿ ವ್ಯತ್ಯಾಸವು ಸಾರ್ಥಕ ಮಟ್ಟ ಮುಟ್ಟಲಿಲ್ಲವೆಂದರೆ ವ್ಯತ್ಯಾಸವೇ ಇಲ್ಲವೆಂದು ಅರ್ಥವಲ್ಲ; ಇದ್ದರೂ ಅದನ್ನು ಹಿಡಿಯುವ ಶಕ್ತಿ ಪ್ರಯೋಗಕ್ಕೆ ಇಲ್ಲದಿರಬಹುದು. ಜೇಕಬ್ ಕೋಹೆನ್ 1962ರಲ್ಲಿ ಮನೋವಿಜ್ಞಾನದ ಒಂದು ಪ್ರಮುಖ ಪತ್ರಿಕೆಯ ಸಂಪುಟವನ್ನು ಪರಿಶೀಲಿಸಿ, ಮಧ್ಯಮ ಗಾತ್ರದ ಪರಿಣಾಮವನ್ನು ಪತ್ತೆಹಚ್ಚುವ ಸಂಭವನೀಯತೆ ಆ ಅಧ್ಯಯನಗಳಲ್ಲಿ ಸರಾಸರಿ ಅರ್ಧಕ್ಕಿಂತ ತುಸು ಕಡಿಮೆಯೆಂದು ತೋರಿಸಿದ್ದರು. ನಾಣ್ಯ ಚಿಮ್ಮಿದಂತೆಯೇ ಸರಿ.

ಈ ಆಕ್ಷೇಪಕ್ಕೆ ಲಿಡ್ಜ್ ಮತ್ತು ಸಂಗಡಿಗರ ವಿನ್ಯಾಸದಲ್ಲೇ ಅರ್ಧ ಉತ್ತರವಿದೆ. ಅದೇ ಮಕ್ಕಳು, ಅದೇ ಆಟಿಕೆಗಳು, ಅದೇ ಕ್ರಿಯಾಪದಗಳು. ನಾಮಪದಗಳ ಸಂಖ್ಯೆಯ ಪರಿಣಾಮ ಮಾತ್ರ ಸ್ಪಷ್ಟವಾಗಿ ಕಂಡಿತು. ಆದ್ದರಿಂದ ಮಕ್ಕಳು ಆಟದಲ್ಲಿ ಮನಸ್ಸಿಟ್ಟಿರಲಿಲ್ಲ ಎನ್ನಲಾಗದು. ಉಳಿದ ಅರ್ಧ ಇದು: ದೊಡ್ಡ ಪರಿಣಾಮವನ್ನು ಹಿಡಿಯುವ ಬಲೆಯ ಕಣ್ಣಿನಿಂದ ಚಿಕ್ಕ ಪರಿಣಾಮ ಜಾರಿಹೋಗಬಹುದು. ‘-ಇಸು’ವಿನ ಪರಿಣಾಮ ಇದ್ದರೂ ಇಷ್ಟಕ್ಕಿಂತ ಚಿಕ್ಕದು ಎಂದು ಹೇಳುವ ಮಿತಿಯನ್ನು ವಿಶ್ವಾಸಾಂತರದ ರೂಪದಲ್ಲಿ ಕೊಟ್ಟರೆ ವಾದಕ್ಕೆ ನೆಲ ಸಿಗುತ್ತದೆ.

ಪುನರಾವರ್ತನೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 2015ರಲ್ಲಿ ಮನೋವಿಜ್ಞಾನದ 100 ಅಧ್ಯಯನಗಳನ್ನು ಮರಳಿ ನಡೆಸಿದಾಗ, ಮೂಲದಲ್ಲಿ ಶೇ. 97ರಷ್ಟು ಸಾರ್ಥಕ ಫಲಿತಾಂಶ ಕೊಟ್ಟಿದ್ದಲ್ಲಿ ಪುನರಾವರ್ತನೆಯಲ್ಲಿ ಶೇ. 36ರಷ್ಟು ಮಾತ್ರ ಕೊಟ್ಟವೆಂಬುದು ಈಗ ಎಲ್ಲರಿಗೂ ತಿಳಿದ ಸಂಗತಿ. ನಮ್ಮ ಕ್ಷೇತ್ರಕ್ಕೆ ಹೆಚ್ಚು ಹತ್ತಿರದ ನಿದರ್ಶನ ಲೆರಾ ಬೊರೊಡಿಟ್ಸ್ಕಿ ಅವರದು. ಚೀನೀ ಭಾಷಿಕರು ಕಾಲವನ್ನು ಮೇಲುಕೆಳಗಾಗಿ ಕಲ್ಪಿಸುತ್ತಾರೆಂಬ ಅವರ 2001ರ ಫಲಿತಾಂಶವನ್ನು 2007ರಲ್ಲಿ ಜಾನ್ಯುವರಿ ಮತ್ತು ಕಾಕೊ ಮತ್ತೆ ಪಡೆಯಲಾಗಲಿಲ್ಲ. ಅದೇ ವರ್ಷ ಚೆನ್ ಕೂಡ. ಬೊರೊಡಿಟ್ಸ್ಕಿ ಸುಮ್ಮನಾಗಲಿಲ್ಲ, 2011ರಲ್ಲಿ ಬೇರೆ ವಿಧಾನದಿಂದ ಪ್ರಶ್ನೆಯನ್ನು ಮರಳಿ ಕೈಗೆತ್ತಿಕೊಂಡರು. ಆ ಜಗಳದಲ್ಲಿ ಯಾರು ಸರಿ ಎಂಬುದಕ್ಕಿಂತ, ಜಗಳವಾಡುವುದಕ್ಕೆ ಬೇಕಾದ ವಾಕ್ಯಗಳು, ವಿಧಾನ, ಎಣಿಕೆ ಎಲ್ಲವೂ ಬಯಲಿನಲ್ಲಿದ್ದವು ಎಂಬುದು ನಮಗೆ ಮುಖ್ಯವಾಗಿ ಕಾಣುತ್ತದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮನೋವಿಜ್ಞಾನ ವಿಭಾಗವನ್ನು ಕಟ್ಟಿದ್ದು 1924ರಲ್ಲಿ, ಶತಮಾನ ಕಳೆದಿದೆ. ಕನ್ನಡ ಮಕ್ಕಳನ್ನು ಕುರಿತ ವಾದವನ್ನು ಕನ್ನಡ ಬಲ್ಲವರು ಪರೀಕ್ಷಿಸುವುದಕ್ಕೆ ನಮ್ಮಲ್ಲಿ ಪರಂಪರೆಯ ಕೊರತೆಯೇನೂ ಇಲ್ಲ.

ಮುಂದಿನ ಪ್ರಯೋಗ

ಮೇಲೆ ಸೂಚಿಸಿದ ವಾಕ್ಯ ಇದು. ಮೊದಲು ಎರಡೂ ಆಟಿಕೆಗಳನ್ನು ಹೆಸರಿಸಬೇಕು: ‘ನೋಡು, ಇಲ್ಲಿ ಕುದುರೆ ಇದೆ. ಆನೆ ಕೂಡ ಇದೆ.’ ಆಮೇಲೆ, ‘ಕುದುರೆ ಏನ್ ಮಾಡ್ತು ಗೊತ್ತಾ? ಬೀಳಿಸ್ತು.’ ಅರ್ಧದಷ್ಟು ಮಕ್ಕಳಿಗೆ ಕೊನೆಯ ಪದ ‘ಬಿತ್ತು’ ಎಂದಿರಬೇಕು. ಎರಡು ಭಾಗಿಗಳೂ ಸಂದರ್ಭದಲ್ಲಿ ಹಾಜರಿದ್ದಾರೆ, ಎರಡೂ ಹೆಸರುಗಳು ಕಿವಿಗೆ ಬಿದ್ದಿವೆ. ಆದರೆ ಕೊನೆಯ ವಾಕ್ಯದಲ್ಲಿ ನಾಮಪದವೇ ಇಲ್ಲ. ಬದಲಾಗುವುದು ಪ್ರತ್ಯಯ ಒಂದೇ. ಆಡಿ ತೋರಿಸುವ ಬದಲು ಎರಡು ಚಿತ್ರಗಳನ್ನು ಮುಂದಿಟ್ಟು, ‘ಯಾವುದು?’ ಎಂದು ಬೆರಳು ತೋರಿಸುವಂತೆ ಕೇಳಿದರೆ, ಹೆಸರು ಹೇಳದ ಆಟಿಕೆಯನ್ನು ಮುಟ್ಟಬಹುದೇ ಎಂಬ ಸಂಕೋಚವೂ ಇರುವುದಿಲ್ಲ. ಇಷ್ಟಾದರೂ ಮೂರು ವರ್ಷದ ಮಕ್ಕಳು ಎರಡು ಪದಗಳಿಗೆ ಒಂದೇ ಚಿತ್ರವನ್ನು ತೋರಿಸಿದರೆ, ಅವರು ವಾಕ್ಯದೊಳಗಿನ ನಾಮಪದಗಳನ್ನೇ ಎಣಿಸುತ್ತಾರೆಂಬ ಲಿಡ್ಜ್ ಅವರ ಪಕ್ಷಕ್ಕೆ ಹಿಂದೆಂದಿಗಿಂತ ಬಲ ಬರುತ್ತದೆ. ‘ಬೀಳಿಸ್ತು’ವಿಗೆ ಪ್ರೇರಣೆಯ ಚಿತ್ರವನ್ನು ಆರಿಸಿದರೆ, 2003ರ ಶೂನ್ಯ ಫಲಿತಾಂಶ ಆಟಿಕೆಯ ಆಟದಿಂದ ಬಂದದ್ದು ಎಂಬ ಗೋಲ್ಡ್‌ಬರ್ಗ್ ಮಾದರಿಯ ವಿವರಣೆಗೆ ಬಲ ಬರುತ್ತದೆ.

ಧಾತುಗಳನ್ನು ಚಲನೆ, ಸ್ಥಿತಿಬದಲಾವಣೆ ಮತ್ತು ಜೊತೆಗೂಡುವ ಪ್ರೇರಣೆ ಎಂಬ ಮೂರು ಗುಂಪುಗಳಿಂದ ಆರಿಸಿ, ಪ್ರತಿ ಗುಂಪಿನಲ್ಲೂ ಹತ್ತಕ್ಕೆ ಕಡಿಮೆಯಿಲ್ಲದಂತೆ ನೋಡಿಕೊಳ್ಳಬೇಕು. ಒಂದೇ ಮಗುವಿಗೆ ಮೂವತ್ತು ವಾಕ್ಯಗಳನ್ನು ಹೇಳಲಾಗದು. ವಾಕ್ಯಗಳನ್ನು ಪಟ್ಟಿಗಳಾಗಿ ಹಂಚಿ, ಮಕ್ಕಳನ್ನು ಪಟ್ಟಿಗಳಿಗೆ ಯಾದೃಚ್ಛಿಕವಾಗಿ ಹಂಚಬೇಕು. ಮಕ್ಕಳ ಸಂಖ್ಯೆಯನ್ನು ಶಕ್ತಿಯ ಲೆಕ್ಕದಿಂದ ಮೊದಲೇ ನಿಗದಿಪಡಿಸಿ, ಎಣಿಕೆಯ ನಿಯಮ ಹಾಗೂ ವಿಶ್ಲೇಷಣೆಯ ಸೂತ್ರದೊಂದಿಗೆ ನೋಂದಾಯಿಸಬೇಕು. ಅಂಗನವಾಡಿಗಳಲ್ಲಿ ನಡೆಸುವುದಾದರೆ ಪೋಷಕರ ಒಪ್ಪಿಗೆ ಅವರಿಗೆ ತಿಳಿಯುವ ಕನ್ನಡದಲ್ಲಿರಬೇಕು. ವಾಕ್ಯಗಳು ಆಯಾ ಊರಿನ ಆಡುಮಾತಿನಲ್ಲಿರಬೇಕು. ಧಾರವಾಡದ ಮಗುವಿಗೆ ‘ಬೀಳಿಸ್ತು’ ಎಂದು ಹೇಳಿ ಅದು ತಬ್ಬಿಬ್ಬಾದರೆ ಆ ತಬ್ಬಿಬ್ಬನ್ನು ಪ್ರತ್ಯಯದ ಲೆಕ್ಕಕ್ಕೆ ಬರೆಯುವ ಹಾಗಿಲ್ಲ. ಅಲ್ಲಿನ ಪಟ್ಟಿಯಲ್ಲಿ ‘ಬೀಳಿಸ್ತು’ವಿನ ಜಾಗದಲ್ಲಿ ‘ಬೀಳಿಸ್ತ’ ಇರಬೇಕು.